ಸೋಸದ ಸೂಪು

ಮಾರ್ಚ್ 5

ಅಡುಗೆ ಯಜಮಾನರಿಗೆ,

ದಿನಸಿ ಲಾರಿ ನಾಳೆ ಬೆಳಿಗ್ಗೆ ನಿಮ್ಮ ಬೆಟ್ಟಕ್ಕೆ ಹೊರಡುತ್ತದಂತೆ, ಅಷ್ಟರಲ್ಲಿ ಇದನ್ನು ಡ್ರೈವರ್ ಕೈಗೆ ಮುಟ್ಟಿಸಬೇಕು. ಸುರಂಗ ಕೊರೆಯುವ ಯಂತ್ರ ತರಿಸಿದ ನಿಮ್ಮ ಕಂಪನಿಗೆ ಒಂದು ಫೋನಿನ ಕಂಬ ನೆಡಿಸಲು ಆಗಲಿಲ್ಲ ನೋಡಿ. ಕನ್ನಡಕದಂಗಡಿಯಲ್ಲಿ ನಾನು ಗಾಜು ಉಜ್ಜುವುದು ಬಿಟ್ಟು ಕಾಗದ ಬರೆಯುವುದನ್ನು ಕಂಡು ಯಜಮಾನತಿ, "ಗಂಡನಿಗಾ, ಇಲ್ಲಾ ಸರ್ಕಾರಕ್ಕಾ?" ಎಂದು ಕೇಳಿದಳು.

ಮೊದಲೇ ಹೇಳಿಬಿಡುತ್ತೇನೆ, ಗಾಬರಿಯಾಗಬೇಡಿ. ಮಗು ಚೆನ್ನಾಗಿದೆ. ಗಾಜು ಉಜ್ಜುವ ಚಕ್ರ ತಿರುಗಿಸಿದರೆ ಸಾಕು, ಒಳಗಿನಿಂದ ಒದೆ ಬೀಳುತ್ತದೆ. ನನಗೆ ಮಾತ್ರ ರಕ್ತದಲ್ಲಿ ಸಕ್ಕರೆ ಹೆಚ್ಚಾಗಿದೆ. ಬಸುರಿನಲ್ಲಿ ಕೆಲವರಿಗೆ ಹೀಗಾಗುತ್ತದಂತೆ, ಹೆರಿಗೆಯಾದ ಮೇಲೆ ಸಾಮಾನ್ಯವಾಗಿ ಇಳಿಯುತ್ತದಂತೆ. ಆದರೆ ಅಲ್ಲಿಯವರೆಗೆ ಹತೋಟಿಯಲ್ಲಿಡದಿದ್ದರೆ ಮಗು ವಿಪರೀತ ದಪ್ಪವಾಗಿ ಹೆರಿಗೆ ಕಷ್ಟವಾಗಬಹುದು, ಹುಟ್ಟಿದ ಮಗುವಿಗೂ ತೊಂದರೆಯಾಗಬಹುದು ಎಂದರು ಡಾಕ್ಟರಮ್ಮ. ಏಳು ವರ್ಷ ಕಾದು ಪಡೆದದ್ದು. ಮೊದಲು ಊಟದಲ್ಲೇ ಸರಿಮಾಡಿ ನೋಡೋಣ, ಆಗದಿದ್ದರೆ ಇಂಜೆಕ್ಷನ್ ಎಂದು ಹೇಳಿ ಕಾರಿಡಾರಿನ ಕೊನೆಯ ಕೋಣೆಗೆ ಕಳಿಸಿದರು.

ಅಲ್ಲಿ ಊಟದ ಸಲಹೆ ಕೊಡುವವರೊಬ್ಬರಿದ್ದಾರೆ. ಮೇಜಿನ ತುಂಬ ಗಾಜಿನ ಜಾಡಿಗಳು, ಜಾಡಿಗಳ ತುಂಬ ಕಾಳು. ಬಾಯಿ ಬಿಟ್ಟರೆ ನಾರು. ನಾರು ಇದ್ದರೆ ಊಟದ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಇಳಿಯುತ್ತದಂತೆ, ನಾರು ತೆಗೆದು ತಿಂದರೆ ಒಮ್ಮೆಲೇ ನುಗ್ಗುತ್ತದಂತೆ. ಸಾಲಿನಲ್ಲಿ ಕೂತ ಬಸುರಿಯರೆಲ್ಲ ಅವರಿಗೆ ನಾರಪ್ಪ ಎಂದೇ ಹೆಸರಿಟ್ಟಿದ್ದಾರೆ. ಮನೆಯಲ್ಲಿ ಏನು ತಿನ್ನುತ್ತೀರಿ ಎಂದು ಕೇಳಿದರು. ನಾನು ಜಂಬದಿಂದ, ನನ್ನ ಗಂಡ ಅಡುಗೆಯವರು, ತರಕಾರಿ ಸಿಪ್ಪೆ ಹೆರೆದು, ದಂಟು ಬಿಸಾಕಿ, ಸೂಪನ್ನು ಬಟ್ಟೆಯಲ್ಲಿ ಸೋಸಿ ಕನ್ನಡಿಯ ಹಾಗೆ ಮಾಡುತ್ತಾರೆ, ನನಗೂ ಹಾಗೇ ಕಲಿಸಿದ್ದಾರೆ ಎಂದೆ. ಅವರು ಪೆನ್ನು ಕೆಳಗಿಟ್ಟು, "ಹಾಗಾದ್ರೆ ನಿಮ್ಮನೇಲಿ ಚೆನ್ನಾಗಿ ಊಟ ಮಾಡ್ತಿರೋದು ಕಸದ ಬುಟ್ಟಿ ಒಂದೇ" ಎಂದರು. ನಗು ತಡೆಯಲಾಗಲಿಲ್ಲ ನನಗೆ. ನೀವೂ ನಗುತ್ತೀರೆಂದುಕೊಂಡು ಬರೆದೆ.

ನಿಮ್ಮ ಕನ್ನಡಕದವಳು


ಮಾರ್ಚ್ 13

ಕನ್ನಡಕದಮ್ಮನಿಗೆ,

ನಗಲಿಲ್ಲ.

ಸಕ್ಕರೆಯ ಸುದ್ದಿ ಓದಿ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ನಿನಗೆ ಸುಸ್ತಿದೆಯೇ, ಬಾಯಾರಿಕೆಯೇ, ಬೆರಳು ಚುಚ್ಚುವಾಗ ನೋಯುತ್ತದೆಯೇ, ಎಲ್ಲ ಬರೆ. ಸಾಧ್ಯವಿದ್ದರೆ ಇವತ್ತೇ ಲಾರಿ ಹತ್ತುತ್ತಿದ್ದೆ. ಆದರೆ ಇಲ್ಲಿ ಇನ್ನೂರು ಬಾಯಿಗೆ ಒಬ್ಬನೇ ಅಡುಗೆಯವನು. ಇರುವ ಒಂದು ರಜೆಯನ್ನು ಹೆರಿಗೆಗೆಂದು ಕಟ್ಟಿಟ್ಟುಕೊಂಡಿದ್ದೇನೆ.

ಇನ್ನು ನಿನ್ನ ನಾರಪ್ಪನ ವಿಷಯ. ಅವನು ಯಾರು ನನ್ನ ಅಡುಗೆಗೆ ಹೆಸರಿಡಲು? ಆ ಸೋಸುಬಟ್ಟೆ ನನ್ನ ಗುರು ಕೊಟ್ಟದ್ದು. ಬಟ್ಟಲಿನ ತಳದಲ್ಲಿ ನಾಣ್ಯ ಹಾಕಿ ಮೇಲೆ ಸೂಪು ಸುರಿದು, ನಾಣ್ಯದ ಮೇಲಿನ ಅಕ್ಷರ ಓದಿ ತೋರಿಸಿದ ಮೇಲೆಯೇ ನನಗೆ ಮೊದಲ ಕೆಲಸ ಸಿಕ್ಕಿದ್ದು. ಮದುವೆಗೆ ಮುಂಚೆ ನಿಮ್ಮಪ್ಪ ಅದೇ ಸೂಪು ಕುಡಿದು, "ಹುಡುಗ ಪರವಾಗಿಲ್ಲ" ಎಂದದ್ದು ಮರೆತೆಯಾ? ಏಳು ವರ್ಷ ನನ್ನ ಕೈಯಡುಗೆ ತಿಂದವಳು ಯಾರೋ ಒಬ್ಬ ಜಾಡಿಯವನ ಮಾತಿಗೆ ನಗುತ್ತೀಯಲ್ಲ. ನಗುವಾಗ ಅವನೂ ನಕ್ಕನೇ?

ಹಣ್ಣಿನ ರಸ ಕುಡಿ. ಚೆನ್ನಾಗಿ ಸೋಸಿ ಕುಡಿ. ಹಣ್ಣು ಎಲ್ಲ ಡಾಕ್ಟರೂ ಒಪ್ಪುವಂಥದ್ದು, ಜಾಡಿಯವರೂ ಒಪ್ಪಬೇಕು.

ಸುಮ್ಮನೆ ಕೇಳುತ್ತಿದ್ದೇನೆ, ಬೇರೇನಿಲ್ಲ: ಅವನಿಗೆ ವಯಸ್ಸೆಷ್ಟು? ಮದುವೆಯಾಗಿದೆಯೇ?

ನಿನ್ನ ಅಡುಗೆಯವನು


ಮಾರ್ಚ್ 20

ಅಡುಗೆ ಯಜಮಾನರಿಗೆ,

ಬೆರಳು ನೋಯುವುದಿಲ್ಲ, ಇರುವೆ ಕಚ್ಚಿದಷ್ಟೇ. ಸುಸ್ತಿದೆ, ಅದು ಎಲ್ಲ ಬಸುರಿಯರಿಗೂ ಇರುತ್ತದಂತೆ.

ಹಣ್ಣಿನ ರಸದ ಬಗ್ಗೆ ನಾರಪ್ಪನವರನ್ನು ಕೇಳಿದೆ. "ಹಣ್ಣು ತಿನ್ನಿ, ಕುಡೀಬೇಡಿ" ಎಂದರು. ಒಂದು ಲೋಟ ರಸಕ್ಕೆ ಎಷ್ಟು ಹಣ್ಣು ಹಿಂಡಬೇಕು, ಅಷ್ಟನ್ನು ಕೂತು ಜಗಿದು ತಿನ್ನಲು ಆಗುತ್ತದೆಯೇ ಎಂದು ಕೇಳಿದರು. ಈಗ ಸೇಬನ್ನು ಸಿಪ್ಪೆಯ ಸಮೇತ, ಅದೂ ಒಂದು ಚಿಕ್ಕದು ಮಾತ್ರ. ಊಟಕ್ಕೆ ಮುಂಚೆ ತರಕಾರಿ, ಅನ್ನ ಕೊನೆಗೆ ಮತ್ತು ಕಡಿಮೆ. ಬಿಳಿ ಬ್ರೆಡ್ಡಿನ ಬದಲು ಹೊಟ್ಟು ತೆಗೆಯದ ಹಿಟ್ಟಿನದು. ಮೊದಲ ದಿನವೇ ಶಿಸ್ತಿನ ಸಿಪಾಯಿಯಂತೆ ಬಟ್ಟಲುಗಟ್ಟಲೆ ಕಾಳು ತಿಂದು ಸಂಜೆ ಹೊಟ್ಟೆ ತಮಟೆಯಾಗಿತ್ತು. ಅಂಗಡಿಯಲ್ಲಿ ಗಿರಾಕಿಯೊಬ್ಬರು ಅಕ್ಷರದ ಹಲಗೆ ಓದುತ್ತಿದ್ದಾಗ ನನ್ನ ಹೊಟ್ಟೆ ಎಂಥ ಸದ್ದು ಮಾಡಿತೆಂದರೆ ಅವರು ತಿರುಗಿ ನೋಡಿದರು. ನಾರಪ್ಪನವರಿಗೆ ಹೇಳಿದರೆ, "ನಿಧಾನಕ್ಕೆ ಏರಿಸ್ಬೇಕಮ್ಮ, ಜೊತೆಗೆ ನೀರು ಕುಡೀಬೇಕು, ನಾನು ಹೇಳಿದ್ದು ಅರ್ಧ ಮಾತ್ರ ಕೇಳಿಸ್ಕೊಂಡ್ರಿ" ಎಂದು ನಕ್ಕರು. ಹೌದು, ನಗುತ್ತಾರೆ. ಮನುಷ್ಯರಲ್ಲವೇ.

ಊಟವಾದ ಮೇಲೆ ಸ್ವಲ್ಪ ನಡೆಯಬೇಕು. ಸಂಜೆ ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ನಾವು ನಾಲ್ಕೈದು ಜನ ಬಾತುಕೋಳಿಗಳ ಹಾಗೆ ಸಾಲಾಗಿ ನಡೆಯುತ್ತೇವೆ. ನಾರಪ್ಪನವರೂ ಬರುತ್ತಾರೆ. ತಿಂಡಿಯ ನಂತರದ ಸಕ್ಕರೆಯ ಅಂಕೆ ನೂರ ಎಪ್ಪತ್ತರಲ್ಲಿದ್ದದ್ದು ನೂರ ನಲವತ್ತರ ಹತ್ತಿರ ಬಂದಿದೆ. ನಾನೇ ಗೆದ್ದ ಹಾಗೆ ಅನ್ನಿಸುತ್ತದೆ.

ನಿಮ್ಮ ಕನ್ನಡಕದವಳು


ಮಾರ್ಚ್ 27

ಕನ್ನಡಕದಮ್ಮನಿಗೆ,

ಅಂಕೆ ಇಳಿದದ್ದು ಸಂತೋಷ. ಇದನ್ನು ಮನಸಾರೆ ಬರೆಯುತ್ತಿದ್ದೇನೆ. ಇನ್ನು ಉಳಿದದ್ದನ್ನೂ ಮನಸಾರೆ ಬರೆಯುತ್ತೇನೆ.

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಅದರಲ್ಲಿ ನಾರಪ್ಪ ಬಂದಷ್ಟು ಸಲ ಮಗು ಬಂದಿಲ್ಲ. ನಾನು ಬಂದದ್ದು ಮೇಲೆ ವಿಳಾಸದಲ್ಲಿ ಮಾತ್ರ. ನಾನು ಕೇಳಿದ ಎರಡು ಪ್ರಶ್ನೆಗೆ ಉತ್ತರವೂ ಇಲ್ಲ. ಬೆರಳಿನ ನೋವಿಗೆ ಉತ್ತರ ಬಂತು, ವಯಸ್ಸಿಗೆ ಬರಲಿಲ್ಲ. ಕೆಲಸಕ್ಕೆಂದು ಕೂತಿರುವ ಮನುಷ್ಯ ಸಂಜೆ ಬೀದಿ ಸುತ್ತುವುದೇಕೆ? ಅವನಿಗೂ ಬಸುರೇ?

ಹೊಟ್ಟೆಕಿಚ್ಚು ಎನ್ನುತ್ತೀಯ. ಅನ್ನು. ಮದುವೆಯಾದ ದಿನದಿಂದ ನಿನ್ನ ತಟ್ಟೆಗೆ ಬಡಿಸಿದವನು ನಾನು. ನಿನಗೆ ಉಪ್ಪು ಎಷ್ಟು ಬೇಕು, ಯಾವ ತುತ್ತಿಗೆ ಕಣ್ಣು ಮುಚ್ಚುತ್ತೀಯ, ಸಿಟ್ಟು ಬಂದರೆ ಯಾವುದನ್ನು ಪಕ್ಕಕ್ಕೆ ತಳ್ಳುತ್ತೀಯ, ಅದೆಲ್ಲ ನನಗೆ ಗೊತ್ತು. ಈಗ ನನ್ನ ಮಗು ಬೆಳೆಯುತ್ತಿರುವುದು ಇನ್ನೊಬ್ಬ ಹೇಳಿದ ಊಟದಲ್ಲಿ. ನನಗೆ ಸಹಿಸಲು ಆಗುತ್ತಿಲ್ಲ.

ಲಾರಿಯಲ್ಲಿ ಒಂದು ಬಾಟಲಿ ಕಳಿಸಿದ್ದೇನೆ. ಇಲ್ಲಿ ಬೆಟ್ಟದಲ್ಲಿ ಸಿಗುವ ಕಪ್ಪು ಹಣ್ಣಿನ ಪಾಕ. ಬೀಜ, ಸಿಪ್ಪೆ ಒಂದಿಷ್ಟೂ ಇಲ್ಲದಂತೆ ಮೂರು ಸಲ ಸೋಸಿದ್ದೇನೆ. ಸಕ್ಕರೆ ಚಿಟಿಕೆಯೂ ಹಾಕಿಲ್ಲ, ಬರೀ ಜೇನು. ದಿನಾ ಬೆಳಿಗ್ಗೆ ಒಂದು ಲೋಟ ನನ್ನ ಹೆಸರು ಹೇಳಿ ಕುಡಿ. ಅವನನ್ನು ಕೇಳಬೇಡ. ಕೇಳಿದೆಯಾದರೆ ನಿನಗೆ ಯಾರ ಮಾತು ದೊಡ್ಡದೆಂದು ನನಗೆ ಗೊತ್ತಾದಂತೆ.

ನಿನ್ನ ಅಡುಗೆಯವನು


ಏಪ್ರಿಲ್ 6

ಯಜಮಾನರಿಗೆ,

ಬಾಟಲಿ ಬಂತು. ಒಡೆದಿರಲಿಲ್ಲ. ಬೆಳಿಗ್ಗೆ ಕುಡಿಯುತ್ತಿದ್ದೇನೆ, ರುಚಿಯಾಗಿದೆ. ನಿಮ್ಮ ಹೆಸರೂ ಹೇಳಿದೆ.

ಅಂಕೆಗಳು ಸರಿಯಾಗಿವೆ. ಇಲ್ಲಿ ಸೆಕೆ ಜಾಸ್ತಿ. ಅಂಗಡಿಗೆ ಹೊಸ ಫ್ರೇಮುಗಳು ಬಂದಿವೆ, ಎಲ್ಲರೂ ದೊಡ್ಡ ಚೌಕದ್ದೇ ಕೇಳುತ್ತಾರೆ. ಮನೆಯ ನಲ್ಲಿ ಸೋರುತ್ತಿತ್ತು, ರಿಪೇರಿ ಮಾಡಿಸಿದೆ.

ಬೇರೇನೂ ವಿಶೇಷವಿಲ್ಲ.

ಇಂತಿ


ಏಪ್ರಿಲ್ 13

ಕನ್ನಡಕದಮ್ಮನಿಗೆ,

ಮೊದಲ ಸಲ ಓದಿದಾಗ ಖುಷಿಯಾಯಿತು. ನಾರಪ್ಪನ ಸುಳಿವೇ ಇಲ್ಲ. ಡಬಲ್ ಟೀ ಮಾಡಿಕೊಂಡು ಕುಡಿದೆ. ಟೀ ಮುಗಿಯುವುದರೊಳಗೆ ಕಾಗದವನ್ನು ಇನ್ನೊಂದು ಸಲ ಓದಿದೆ. ಇಷ್ಟು ದಿನ ನಿನ್ನ ಬಾಯಲ್ಲಿ ಕುಣಿಯುತ್ತಿದ್ದ ಮನುಷ್ಯ ಒಂದೇ ಸಲಕ್ಕೆ ಎಲ್ಲಿ ಹೋದ? ಹೇಳಲು ಏನೂ ಇಲ್ಲದಿದ್ದಾಗ ಅಷ್ಟು ಹೇಳಿದವಳು, ಈಗ ಒಂದು ಮಾತೂ ಹೇಳದಿದ್ದರೆ ನಾನು ಏನೆಂದು ತಿಳಿಯಲಿ? ನಲ್ಲಿ ರಿಪೇರಿ ಮಾಡಿಸಿದೆ ಎಂದಿದ್ದೀಯ. ಮಾಡಿದವರು ಯಾರು?

ಸಹಿ ಕೂಡ ಇಲ್ಲ. "ಇಂತಿ" ಅಂತೆ. ಇಂತಿ ಯಾರು? ವಿದ್ಯುತ್ ಬಿಲ್ಲಿನಲ್ಲೂ ಇದಕ್ಕಿಂತ ಪ್ರೀತಿ ಇರುತ್ತದೆ.

ಬರೆ. ಬೈದಾದರೂ ಬರೆ.

ನಿನ್ನ ಅಡುಗೆಯವನು


ಏಪ್ರಿಲ್ 20

ನನ್ನ ಕನ್ನಡಕದಮ್ಮನಿಗೆ,

ಈ ವಾರದ ಲಾರಿಯಲ್ಲಿ ನಿನ್ನ ಕಾಗದ ಇರಲಿಲ್ಲ. ಈ ಕಾಗದ ಕೈ ಸೇರಿದ ತಕ್ಷಣ ಮೊದಲು ಒಂದು ಕೆಲಸ ಮಾಡು. ಆ ಬಾಟಲಿಯನ್ನು ಮೋರಿಗೆ ಸುರಿ. ಒಂದು ಗುಟುಕೂ ಬೇಡ.

ನಡೆದದ್ದು ಇಷ್ಟು. ಇಲ್ಲಿನ ಮೇಸ್ತ್ರಿಗೆ ಹಳೆಯ ಸಕ್ಕರೆ ಕಾಯಿಲೆ. ಬೆರಳು ಚುಚ್ಚಿ ನೋಡುವ ಯಂತ್ರ ಅವನ ಜೇಬಿನಲ್ಲೇ ಇರುತ್ತದೆ. ಉಳಿದ ಪಾಕವನ್ನು ನಾನೇ ಅವನಿಗೆ ಎರಡು ಲೋಟ ಕೊಟ್ಟೆ. "ಸಕ್ಕರೆ ಇಲ್ಲ ತಾನೆ?" ಎಂದು ಕೇಳಿದ. "ನನ್ನ ಹೆಂಡತಿಗೇ ಕಳಿಸಿದ್ದೀನಿ, ಇನ್ನೇನು ಬೇಕು?" ಎಂದೆ. ಸ್ವಲ್ಪ ಹೊತ್ತಿಗೆ ಅವನಿಗೆ ಬಾಯಿ ಒಣಗಿ ಕಣ್ಣು ಮಂಜಾಯಿತು. ಯಂತ್ರದಲ್ಲಿ ಮುನ್ನೂರು ದಾಟಿತ್ತು. ಕ್ಯಾಂಪಿನ ಕಾಂಪೌಂಡರ್ ಓಡಿಬಂದು ಔಷಧಿ ಕೊಟ್ಟ. ಸಂಜೆಗೆ ಮೇಸ್ತ್ರಿ ಎದ್ದು ಕೂತು, ಇಡೀ ಊಟದ ಮನೆಗೆ ಕೇಳುವಂತೆ ನನ್ನನ್ನು ಬೈದ. "ಅಲ್ಲಯ್ಯಾ, ಜೇನೂ ಸಕ್ಕರೇನೇ, ಹಣ್ಣಿನ ರಸಾನೂ ಸಕ್ಕರೇನೇ. ಸಿಪ್ಪೆ ಇದ್ದಿದ್ರೆ ಸ್ವಲ್ಪ ನಿಧಾನಕ್ಕಾದ್ರೂ ಹೋಗ್ತಿತ್ತು, ಅದನ್ನೂ ನೀನು ಕಿತ್ತು ಹಾಕಿದೀಯ. ನನ್ನ ಕೊಲ್ಲೋಕೆ ಮೂರು ಸಲ ಸೋಸ್ಬೇಕಿತ್ತಾ?"

ಎಲ್ಲರೂ ನಕ್ಕರು. ನಾನು ಸೌಟು ಕೆಳಗಿಟ್ಟು ಕಾಗದ ಹುಡುಕಿದೆ. ಇದೇ ಪಾಕವನ್ನು ನೀನು ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಕುಡಿಯುತ್ತಿದ್ದೀಯ, ನನ್ನ ಹೆಸರು ಹೇಳಿ. ಯಾರ ಮಾತು ದೊಡ್ಡದು ಎಂದು ಕೇಳಿದವನು ನಾನು. ನನ್ನ ಮಗುವಿಗೆ ಏನಾದರೂ ಆಗಿದ್ದರೆ ಆ ದೊಡ್ಡ ಮಾತನ್ನು ತೆಗೆದುಕೊಂಡು ಏನು ಮಾಡಲಿ?

ನೀನು ಹೇಗಿದ್ದೀಯ ಎಂದು ಎರಡು ಸಾಲು ಬರೆ. ಮತ್ತು ಅವನನ್ನು ಕೇಳು. ನಾರಪ್ಪನನ್ನು. ಪಾಕ ಕುಡಿದಿದ್ದೇನೆ, ಮುಂದೇನು ಮಾಡಲಿ ಎಂದು ಕೇಳು. ಈ ಸಾಲು ಬರೆಯಲು ನನಗೆ ಎಷ್ಟು ಹೊತ್ತು ಹಿಡಿಯಿತೆಂದು ನಿನಗೆ ಗೊತ್ತಾಗುವುದು ಬೇಡ.

ನಿನ್ನವನು


ಏಪ್ರಿಲ್ 29

ಅಡುಗೆ ಯಜಮಾನರಿಗೆ,

ಮಗು ಚೆನ್ನಾಗಿದೆ. ನಾನೂ ಚೆನ್ನಾಗಿದ್ದೇನೆ. ಇದನ್ನು ಇನ್ನೊಂದು ಸಲ ಓದಿಕೊಂಡು ಮುಂದಕ್ಕೆ ಹೋಗಿ.

ನಿಮ್ಮ ಪಾಕವನ್ನು ಮೂರು ಬೆಳಿಗ್ಗೆ ಕುಡಿದೆ. ಮೂರನೆಯ ದಿನ ತಿಂಡಿಯ ನಂತರದ ಅಂಕೆ ಇನ್ನೂರ ಇಪ್ಪತ್ತು. ಜೇನು ಏನು ಮಾಡುತ್ತದೆಂದು ನನಗೆ ಗೊತ್ತಿರಲಿಲ್ಲ ಎಂದುಕೊಳ್ಳಬೇಡಿ, ಗೊತ್ತಿತ್ತು. ಗೊತ್ತಿದ್ದೂ ಕುಡಿದೆ. ನೀವು ಅಲ್ಲಿ ಕೂತು ಮುಖ ಊದಿಸಿಕೊಂಡಿದ್ದು ನನಗೆ ಇಲ್ಲಿಂದಲೇ ಕಾಣುತ್ತಿತ್ತು. ಅಂಕೆ ನೋಡಿದ ಮೇಲೆ ಬಾಟಲಿಯನ್ನು ಬಚ್ಚಲಿಗೆ ಸುರಿದು ಅತ್ತೆ. ಅಂಕೆಗಳು ಸರಿಯಾಗಿವೆ ಎಂದು ನಿಮಗೆ ಬರೆದದ್ದು ಅದೇ ಸಂಜೆ.

ಇನ್ನೊಂದು ವಿಷಯ. ಬಾಟಲಿ ಬರುವುದಕ್ಕೆ ಮೊದಲೇ ನನಗೆ ಇನ್ಸುಲಿನ್ ಶುರುವಾಗಿತ್ತು. ನೀವು ಅದಕ್ಕೆ ಕಾರಣವಲ್ಲ. ತಿಂಡಿ ಊಟದ ನಂತರದ ಅಂಕೆಯನ್ನು ನಾರು ಇಳಿಸಿತು. ಬೆಳಿಗ್ಗೆ ಖಾಲಿ ಹೊಟ್ಟೆಯ ಅಂಕೆ ಮಾತ್ರ ಏನು ಮಾಡಿದರೂ ಇಳಿಯಲಿಲ್ಲ. "ಇದು ನಿಮ್ಮ ತಪ್ಪಲ್ಲ, ಬಸುರಿನ ಹಾರ್ಮೋನಿನ ಕೆಲಸ, ಇನ್ಸುಲಿನ್‌ನಿಂದ ಮಗುವಿಗೆ ಏನೂ ಆಗೋದಿಲ್ಲ" ಎಂದರು ಡಾಕ್ಟರಮ್ಮ. ಆಮೇಲೆ ಈ ತಿಂಗಳ ನಡುವೆ ಪ್ರಮಾಣ ಹೊಂದಿಸಲು ಕೆಲವು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡಿದ್ದರು, ಅದಕ್ಕೇ ಆ ವಾರ ಕಾಗದವಿರಲಿಲ್ಲ. ನಿಮಗೆ ಹೇಳಲಿಲ್ಲ ಏಕೆಂದರೆ "ನೋಡಿದೆಯಾ, ನಿನ್ನ ನಾರಪ್ಪನ ಹೊಟ್ಟು ಏನೂ ಮಾಡಲಿಲ್ಲ" ಎಂದು ನೀವು ಗೆದ್ದವರ ಹಾಗೆ ಬರೆಯುತ್ತೀರಿ ಎಂದು ಭಯವಿತ್ತು. ಬರೆಯುತ್ತಿದ್ದಿರಿ ತಾನೆ?

ನಾನೊಬ್ಬಳೇ ಸೂಜಿ ಚುಚ್ಚಿಕೊಳ್ಳಲು ಕಲಿತೆ. ಆಗ ನನಗೂ ಹೊಟ್ಟೆಕಿಚ್ಚಾಗುತ್ತಿತ್ತು, ಯಾರ ಮೇಲೆ ಗೊತ್ತೇ? ಆ ಇನ್ನೂರು ಜನರ ಮೇಲೆ. ಎಲ್ಲಿಯವರೋ ಏನೋ, ದಿನಾ ಮೂರು ಹೊತ್ತು ನಿಮ್ಮ ಕೈಯೂಟ ತಿನ್ನುತ್ತಾರೆ, ಇನ್ನೊಂದು ಸೌಟು ಹಾಕಿ ಎನ್ನುತ್ತಾರೆ. ನನಗೆ ಬರುವುದು ಕಾಗದ, ಅದರಲ್ಲಿ ಜಗಳ.

ಅಂಕೆ ಏರಿದ್ದೇಕೆ ಎಂದು ನಾರಪ್ಪನವರು ಕೇಳಿದಾಗ ನಿಮ್ಮ ಪಾಕದ ವಿಷಯ ಹೇಳಿದೆ. ಬೈಯಲಿಲ್ಲ. ಜಾಡಿಯ ಮುಚ್ಚಳ ಮುಚ್ಚಿ, "ನನ್ನ ಹತ್ರ ಏನು ತಿನ್ಬೇಕು ಅನ್ನೋದಿದೆ, ರುಚಿ ಇಲ್ಲಮ್ಮ. ನಂಗೆ ಒಂದು ಗಂಜಿ ಕಾಯಿಸೋಕೂ ಬರಲ್ಲ. ಎಲ್ಲರೂ ಎರಡು ವಾರ ತಿಂತಾರೆ, ಆಮೇಲೆ ಬೇಜಾರಾಗಿ ಬಿಟ್ಬಿಡ್ತಾರೆ. ನಿಮ್ಮನೆಯವರು ಅಷ್ಟು ಚೆನ್ನಾಗಿ ಸೋಸ್ತಾರೆ ಅಂದ್ರೆ, ಸೋಸದೇನೂ ಚೆನ್ನಾಗೇ ಮಾಡ್ತಾರೆ. ಕೇಳಿ ನೋಡಿ" ಎಂದರು.

ಕೇಳುತ್ತಿದ್ದೇನೆ. ಬೇಯಿಸಿದ ಕಾಳು ನೋಡಿದರೆ ನನಗೆ ಈಗ ಅಳು ಬರುತ್ತದೆ. ಹೆರಿಗೆಗೆ ಇನ್ನೂ ಒಂದು ತಿಂಗಳ ಮೇಲಿದೆ. ನಾನು ತಿನ್ನುವ ಹಾಗೆ ಏನಾದರೂ ಮಾಡಿ.

ನಿಮ್ಮ ಕನ್ನಡಕದವಳು


ಮೇ 7

ಕನ್ನಡಕದಮ್ಮನಿಗೆ,

"ನೋಡಿದೆಯಾ" ಎಂದು ಬರೆಯುತ್ತಿದ್ದೆ. ಹೌದು. ನಿನಗೆ ನಾನು ಚೆನ್ನಾಗಿ ಗೊತ್ತು.

ಸೂಜಿಯ ಭಾಗ ಓದಿದ ಮೇಲೆ ಹೊರಗೆ ಹೋಗಿ ಕಲ್ಲಿನ ಮೇಲೆ ಕೂತೆ. ಈರುಳ್ಳಿ ತಳ ಹಿಡಿಯಿತು. ಆ ದಿನ ಇನ್ನೂರು ಜನ ಸೀದ ಊಟ ತಿಂದರು. ನಿನಗೆ ಸ್ವಲ್ಪ ಸಮಾಧಾನವಾಗಲಿ ಎಂದು ಇದನ್ನು ತಿಳಿಸುತ್ತಿದ್ದೇನೆ.

ಆಮೇಲೆ ಸೋಸುಬಟ್ಟೆಯನ್ನು ಮೊಳೆಗೆ ನೇತುಹಾಕಿ ಒಲೆ ಹಚ್ಚಿದೆ. ಮೂರು ದಿನ ಕೆಟ್ಟಿತು, ನಾಲ್ಕನೆಯ ದಿನ ಬಂತು. ಹೀಗೆ ಮಾಡು. ಸಿಪ್ಪೆ ತೆಗೆಯದ ಕಾಳನ್ನು ರಾತ್ರಿ ನೆನೆಹಾಕು, ಬೆಳಿಗ್ಗೆ ಆ ನೀರು ಚೆಲ್ಲಿಬಿಡು, ಹೊಟ್ಟೆ ತಮಟೆಯಾಗುವುದಿಲ್ಲ. ಈರುಳ್ಳಿಯನ್ನು ಸಣ್ಣ ಉರಿಯಲ್ಲಿ ಬಣ್ಣ ಕಂದಾಗುವವರೆಗೆ ಬಾಡಿಸು. ಆತುರ ಪಡಬೇಡ, ನಿನ್ನ ಆತುರ ನನಗೆ ಗೊತ್ತು. ಬೆಳ್ಳುಳ್ಳಿ ಹಾಕು. ಸೊಪ್ಪಿನ ದಂಟು ಬಿಸಾಡದೆ ಸಣ್ಣಗೆ ಕತ್ತರಿಸಿ ಹಾಕು, ಕ್ಯಾರೆಟ್ ಉಜ್ಜಿ ತೊಳೆದು ಸಿಪ್ಪೆಯ ಸಮೇತ. ಒಂದು ಹಿಡಿ ಬಾರ್ಲಿ. ಅರ್ಧ ಕಾಳನ್ನು ಸೌಟಿನ ಬೆನ್ನಿನಿಂದ ಜಜ್ಜು, ಅರ್ಧ ಹಾಗೇ ಬಿಡು, ಹಲ್ಲಿಗೂ ಕೆಲಸ ಬೇಕು. ಮೆಣಸಿನ ಪುಡಿ ಕೊನೆಗೆ, ಇಳಿಸಿದ ಮೇಲೆ ನಿಂಬೆರಸ. ಇಪ್ಪತ್ತು ವರ್ಷ ನಾನು ದಂಟು ಬಿಸಾಡಿದೆ. ಇಷ್ಟು ರುಚಿ ಇದ್ದದ್ದು ಅಲ್ಲೇ ಎಂದು ನನ್ನ ಗುರುವಿಗೂ ಗೊತ್ತಿರಲಿಲ್ಲ.

ಬಡಿಸಿದಾಗ ಹುಡುಗರು, "ಏನಣ್ಣಾ, ಸೋಸೋ ಬಟ್ಟೆ ಕಳೆದೋಯ್ತಾ?" ಎಂದರು. ಮೇಸ್ತ್ರಿ ಮಾತ್ರ ತಿಂದು, ಬೆರಳು ಚುಚ್ಚಿ ನೋಡಿ, ನನಗೆ ಯಂತ್ರ ತೋರಿಸಿದ. ಅಂಕೆ ಚೆನ್ನಾಗಿತ್ತು. ಇನ್ನೊಂದು ಬಟ್ಟಲು ಕೇಳಿದ.

ಇದು ನಿನಗೆ. ನಾರಪ್ಪನಿಗೆ ಕೊಡಬೇಡ. ಕೊಟ್ಟರೂ ಚಿಕ್ಕ ಬಟ್ಟಲಿನಲ್ಲಿ ಕೊಡು.

ನಿನ್ನ ಅಡುಗೆಯವನು


ಮೇ 18

ಅಡುಗೆ ಯಜಮಾನರಿಗೆ,

ಮೊದಲ ತುತ್ತಿಗೆ ಕಣ್ಣು ಮುಚ್ಚಿದೆ. ನೀವಿದ್ದಿದ್ದರೆ ನೋಡುತ್ತಿದ್ದಿರಿ. ವಾರಗಟ್ಟಲೆ ಔಷಧಿಯಂತೆ ನುಂಗುತ್ತಿದ್ದವಳು ಅಂದು ಪಾತ್ರೆಯ ತಳ ಕೆರೆದೆ. ಊಟದ ನಂತರ ಅಂಕೆ ನೂರ ಹದಿನೆಂಟು.

ಒಂದು ಡಬ್ಬಿ ಆಸ್ಪತ್ರೆಗೆ ಒಯ್ದೆ. ಸಾಲಿನಲ್ಲಿದ್ದವರೆಲ್ಲ ಒಂದೊಂದು ಚಮಚ ಕಿತ್ತುಕೊಂಡರು. ನಾರಪ್ಪನವರಿಗೆ ಚಿಕ್ಕ ಬಟ್ಟಲಿನಲ್ಲೇ ಕೊಟ್ಟೆ, ಆದರೆ ಅವರು ಎರಡು ಸಲ ಹಾಕಿಸಿಕೊಂಡರು, ಅದಕ್ಕೆ ನಾನೇನು ಮಾಡಲಿ? ಈಗ ಬಂದವರಿಗೆಲ್ಲ ನಿಮ್ಮ ಸೂಪಿನ ವಿಧಾನ ಹೇಳಿಕೊಡುತ್ತಾರೆ. ನಿಂಬೆರಸ ಮೊದಲೇ ಹಾಕಿ ಎಂದು ತಪ್ಪು ಹೇಳುತ್ತಿದ್ದರು, ನಾನು ತಿದ್ದಿದೆ.

ಸ್ಕ್ಯಾನಿನಲ್ಲಿ ಮಗುವಿನ ಬೆಳವಣಿಗೆ ಸರಿಯಾಗಿದೆ, ಅತಿ ದಪ್ಪವಿಲ್ಲ. ಜೂನ್ ಮೊದಲ ವಾರದಲ್ಲಿ ನೋವು ಬರುವಂತೆ ಮಾಡಿಸೋಣ, ಅದಕ್ಕಿಂತ ಹೆಚ್ಚು ಕಾಯುವುದು ಬೇಡ ಎಂದಿದ್ದಾರೆ ಡಾಕ್ಟರಮ್ಮ. ಐದನೇ ತಾರೀಖು ಸೇರಿಸಿಕೊಳ್ಳುತ್ತಾರೆ. ಜೊತೆಗೆ ಯಾರು ಬರುತ್ತಾರೆ ಎಂದು ನರ್ಸು ಕೇಳಿದಳು. ನನ್ನ ಗಂಡ ಎಂದೆ.

ನೀವು ಮಾರ್ಚಿನಲ್ಲಿ ಎರಡು ಪ್ರಶ್ನೆ ಕೇಳಿದ್ದಿರಿ. ಈಗ ಉತ್ತರ ಕೊಡುತ್ತೇನೆ. ಮೂವತ್ತೊಂದು. ಮದುವೆಯಾಗಿಲ್ಲ. ನೋಡಲು ಚೆನ್ನಾಗಿದ್ದಾರೆ, ತಲೆ ತುಂಬ ಕೂದಲಿದೆ. ಇಷ್ಟು ದಿನ ಹೇಳದೆ ಇಟ್ಟುಕೊಂಡದ್ದೇಕೆಂದರೆ, ಮುದುಕ ಎಂದು ಸುಳ್ಳು ಹೇಳಿದ್ದರೆ ನೀವು ಸುಮ್ಮನಾಗಿಬಿಡುತ್ತಿದ್ದಿರಿ. ನೀವು ಸುಮ್ಮನಾಗುವುದು ನನಗೆ ಬೇಡವಾಗಿತ್ತು. ಏಳು ವರ್ಷದಲ್ಲಿ ನೀವು ನನ್ನ ವಿಷಯ ಇಷ್ಟು ವಿಚಾರಿಸಿದ್ದು ಇದೇ ಮೊದಲು. ನಾನು ಯಾರ ಜೊತೆ ನಡೆದೆ, ಯಾವ ಮಾತಿಗೆ ನಕ್ಕೆ ಎಂದೆಲ್ಲ ನಿಮಗೆ ಬೇಕಾಗಿತ್ತು. ಅದು ನನಗೆ ಹಿತವಾಗಿತ್ತು. ಹಾಗಾಗಿ ಸ್ವಲ್ಪ ಉರಿಯಲಿ ಎಂದು ಬಿಟ್ಟೆ. ಅದು ಪಾಕದ ಬಾಟಲಿಯಾಗಿ ಬರುತ್ತದೆ ಎಂದುಕೊಂಡಿರಲಿಲ್ಲ.

ಈಗ ಎಲ್ಲ ಗೊತ್ತಾಯಿತಲ್ಲ, ಬನ್ನಿ.

ನಿಮ್ಮ ಕನ್ನಡಕದವಳು


ಮೇ 27

ಕನ್ನಡಕದಮ್ಮನಿಗೆ,

ತಲೆ ತುಂಬ ಕೂದಲು. ಆ ಮೂರು ಪದ ಬಿಟ್ಟಿದ್ದರೂ ಉತ್ತರ ಪೂರ್ತಿಯಾಗಿರುತ್ತಿತ್ತು.

ರಜೆ ಕೇಳಿದರೆ ಆಫೀಸಿನವರು ಆಗುವುದಿಲ್ಲ ಎಂದರು. ಸುರಂಗದ ಎರಡೂ ತುದಿ ಕೂಡುವ ಸಮಯ, ಅಡುಗೆಯವನನ್ನು ಬಿಡಲಾರೆವು ಎಂದರು. ನಾನು ಕೆಲಸ ಬಿಡುತ್ತೇನೆಂದು ಎದ್ದೆ. ಆಗ ಮೇಸ್ತ್ರಿ ನಡುವೆ ಬಂದು, "ಇವನು ಇದ್ದೇ ನಾನು ಸಾಯೋ ಹಾಗಾಗಿದ್ದೆ. ಇವನಿಲ್ದೆ ಹದಿನೈದು ದಿನ ಬದುಕ್ತೀವಿ, ಕಳಿಸಿ" ಎಂದ. ಎಲ್ಲರೂ ನಕ್ಕ ಗದ್ದಲದಲ್ಲಿ ರಜೆ ಮಂಜೂರಾಯಿತು. ಮುಂದಿನ ಲಾರಿಗೆ ನಾನೇ ಹತ್ತುತ್ತೇನೆ. ದಾರಿ ಸರಿಯಿದ್ದರೆ ಐದಕ್ಕೆ ಮುಟ್ಟುತ್ತೇನೆ.

ನೀನು ಅವನ ಕೈ ಹಿಡಿದುಕೊಂಡು ಒಳಗೆ ಹೋಗಬೇಡ. ಯಜಮಾನತಿಯ ಕೈ ಹಿಡಿದುಕೋ.

ನಿನ್ನವನು


ಜೂನ್ 6, ಆಸ್ಪತ್ರೆ, ಕಾರಿಡಾರಿನ ಬೆಂಚು

ನನ್ನ ಕನ್ನಡಕದಮ್ಮನಿಗೆ,

ನೀನು ಗೋಡೆಯ ಆಚೆ ಇದ್ದೀಯ. ಗಂಡಸರನ್ನು ಒಳಗೆ ಬಿಡುವುದಿಲ್ಲವಂತೆ. ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ, ಅಭ್ಯಾಸವಾಗಿಬಿಟ್ಟಿದೆ. ದಾರಿಯಲ್ಲಿ ಲಾರಿಯ ಟೈರು ಒಡೆದು ಒಂದು ದಿನ ತಡವಾಯಿತು. ನಿನ್ನನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಬಂದು ಮುಟ್ಟಿದೆ. ಯಜಮಾನತಿ ನನ್ನನ್ನು ನೋಡಿ, "ಬಂದ್ರಾ ಸರ್ಕಾರ?" ಎಂದಳು, ಅಂಗಡಿ ತೆರೆಯಲು ಹೋದಳು.

ಅವನನ್ನು ನೋಡಿದೆ. ಎರಡು ಲೋಟ ಟೀ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತ. ಕೂದಲು ನೀನು ಬರೆದದ್ದಕ್ಕಿಂತ ಹೆಚ್ಚಿದೆ. "ಸೂಪಿನ ಯಜಮಾನ್ರು ನೀವೇನಾ?" ಎಂದ. ನನ್ನ ಕಣ್ಣು ಬಾಗಿಲ ಮೇಲಿತ್ತು, ಲೋಟ ವಾಲಿ ಟೀ ಚೆಲ್ಲುತ್ತಿತ್ತು. ಅವನು ನನ್ನ ಲೋಟವನ್ನು ಕೆಳಗಿನಿಂದ ಹಿಡಿದುಕೊಂಡ. ಬೈಯಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದದ್ದೆಲ್ಲ ಮರೆತುಹೋಯಿತು. ಬಾರ್ಲಿ ಎಷ್ಟು ಹೊತ್ತು ಬೇಯಬೇಕೆಂದು ಕೇಳಿದ, ಹೇಳಿದೆ. ಅವನು ಒಳ್ಳೆಯವನು. ಇದು ನನಗೆ ಇನ್ನಷ್ಟು ಕಷ್ಟದ ವಿಷಯ.

ಆಮೇಲೆ ಅಳು ಕೇಳಿಸಿತು.

ಸ್ವಲ್ಪ ಹೊತ್ತಿಗೆ ನರ್ಸು ಬಂದಳು. ಹೆಣ್ಣು ಮಗು, ತೂಕ ಸರಿಯಾಗಿದೆ, ಹಿಮ್ಮಡಿ ಚುಚ್ಚಿ ನೋಡಿದ್ದೇವೆ, ಸಕ್ಕರೆಯೂ ಸರಿಯಾಗಿದೆ, ತಾಯಿ ಚೆನ್ನಾಗಿದ್ದಾಳೆ ಎಂದಳು. ಕೈಯಲ್ಲಿ ಬಟ್ಟೆಯ ಗಂಟು. "ಯಾರು ಎತ್ಕೋತೀರಿ?" ಎಂದು ಕೇಳಿದಳು. ನಾವು ಇಬ್ಬರೂ ಎದ್ದೆವು.

ನಾನು ಅವನ ಕಡೆ ನೋಡಿದೆ. ಅವನು ಮೆಲ್ಲಗೆ ಕೂತುಕೊಂಡ.

ಅಷ್ಟರ ಮಟ್ಟಿಗೆ ಹೊಟ್ಟೆಕಿಚ್ಚು ನನ್ನಲ್ಲಿ ಉಳಿಯಲಿ, ಬಿಡು. ಮಗಳನ್ನು ಎತ್ತಿಕೊಂಡೆ. ನಿನ್ನ ಹುಬ್ಬು. ಗುರು ಕೊಟ್ಟ ಸೋಸುಬಟ್ಟೆಯನ್ನು ಕುದಿಸಿ ಒಣಗಿಸಿ ತಂದಿದ್ದೆ, ಅದರಲ್ಲಿ ಬಾಯಿ ಒರೆಸಿದೆ. ಇನ್ನು ಮುಂದೆ ಅದಕ್ಕೆ ಅದೇ ಕೆಲಸ. ಅವಳನ್ನು ನಿನ್ನ ಬಳಿ ಒಯ್ಯುವ ನರ್ಸಿನ ಕೈಯಲ್ಲೇ ಈ ಕಾಗದವನ್ನೂ ಕೊಡುತ್ತಿದ್ದೇನೆ.

ನಿನಗೆ ಹಸಿವಾಗಿರುತ್ತದೆ. ಬೆಳಿಗ್ಗೆ ಮೊದಲು ಮನೆಗೆ ಓಡಿ, ಲಾರಿಯಲ್ಲೇ ನೆನೆಹಾಕಿ ತಂದ ಕಾಳಿಗೆ ಒಲೆ ಹಚ್ಚಿ, ಆಮೇಲೆ ಇಲ್ಲಿಗೆ ಬಂದೆ. ಡಬ್ಬಿ ಇನ್ನೂ ಬೆಚ್ಚಗಿದೆ. ಅವನಿಗೆ ಕೊಟ್ಟಿಲ್ಲ. ಸೋಸಿಯೂ ಇಲ್ಲ.